ಟೈರು ಎಣಿಸದ ತಪಾಸಣೆ

ಹಳೆಯ ಟೈರುಗಳ ವಿಷಯದಲ್ಲಿ ನಮ್ಮ ದೇಶದಲ್ಲಿ ಕಾನೂನಿನ ಕೊರತೆಯಿದೆಯೆಂದು ಯಾರೂ ದೂರುವಂತಿಲ್ಲ. ಅವನ್ನು ಯಾರು ಕೊಳ್ಳಬಹುದು, ಯಾವ ಬಗೆಯಲ್ಲಿ ವಿಲೇವಾರಿ ಮಾಡಬಹುದು, ಯಾವ ಉದ್ದೇಶಕ್ಕಾಗಿ ಹೊರದೇಶದಿಂದ ತರಿಸಕೂಡದು ಎಂಬುದಕ್ಕೆಲ್ಲ ನಿಯಮಗಳಿವೆ. ನಿಯಮಗಳ ಪಾಲನೆಯಾಗುತ್ತಿದೆಯೇ ಎಂದು ನೋಡಲು ಅಧಿಕಾರಿಗಳಿದ್ದಾರೆ. ಅವರು ಬರುವುದೇ ಇಲ್ಲವೆಂದು ಹೇಳುವುದೂ ಸತ್ಯಕ್ಕೆ ದೂರವಾದೀತು. ಬರುತ್ತಾರೆ, ಕಡತ ನೋಡುತ್ತಾರೆ, ವರದಿ ಬರೆಯುತ್ತಾರೆ. ಆದರೂ ಊರಾಚೆಯ ಬಯಲಿನಲ್ಲಿ ಟೈರಿನ ಗುಡ್ಡೆ ಬೆಳೆಯುತ್ತದೆ, ಮಳೆಗಾಲ ಬಂದೊಡನೆ ಡೆಂಗ್ಯೂ ಬರುತ್ತದೆ, ಎಲ್ಲೋ ಒಂದೆಡೆ ರಾತ್ರಿಯ ಹೊತ್ತು ಕಪ್ಪು ಹೊಗೆ ಏಳುತ್ತದೆ. ಕಾನೂನು ಮತ್ತು ಹೊಗೆಯ ನಡುವಿನ ಈ ಅಂತರಕ್ಕೆ ಕಾರಣ ಅಧಿಕಾರಿಗಳ ಭ್ರಷ್ಟಾಚಾರವೊಂದೇ ಎಂದು ಹೇಳಿ ಮುಗಿಸುವುದು ಸುಲಭ. ನನ್ನ ಅಭಿಪ್ರಾಯ ಬೇರೆ. ನಮ್ಮ ತಪಾಸಣೆಯ ಕಲ್ಪನೆಯಲ್ಲೇ ಒಂದು ಮೂಲಭೂತ ದೋಷವಿದೆ. ಅದು ಸಂಸ್ಥೆಯನ್ನು ನೋಡುತ್ತದೆ, ಟೈರನ್ನು ನೋಡುವುದಿಲ್ಲ.

ಸಾಹಿತ್ಯ, ನಾಟಕ, ಗಡಿ, ಭಾಷೆಗಳ ಚರ್ಚೆ ನಡೆಯುವ ಪತ್ರಿಕೆಯಲ್ಲಿ ಟೈರಿನ ಮಾತೇಕೆ ಎಂದು ಕೆಲವು ಓದುಗರು ಹುಬ್ಬೇರಿಸಬಹುದು. ಬಳಸಿ ಮುಗಿದ ವಸ್ತುವಿನೊಡನೆ ಒಂದು ಸಮಾಜ ಹೇಗೆ ನಡೆದುಕೊಳ್ಳುತ್ತದೆ ಎಂಬುದೂ ಸಂಸ್ಕೃತಿಯ ಪ್ರಶ್ನೆಯೇ. ನಮ್ಮ ಊರುಗಳಲ್ಲಿ ಲಾರಿಯ ಟೈರು ಸವೆದರೆ ಅದು ಎತ್ತಿನ ಗಾಡಿಗೆ ಹೋಗುತ್ತಿತ್ತು. ಅಲ್ಲಿಯೂ ಸವೆದರೆ ಚಪ್ಪಲಿಯ ಅಟ್ಟೆಯಾಗುತ್ತಿತ್ತು. ಕರಾವಳಿಯ ಧಕ್ಕೆಗಳಲ್ಲಿ ದೋಣಿಯ ಮೈಗೆ ಪೆಟ್ಟಾಗದಂತೆ ಅದನ್ನು ಕಟ್ಟುತ್ತಾರೆ. ಮಕ್ಕಳು ಕೋಲು ಹಿಡಿದು ಬೀದಿಯುದ್ದಕ್ಕೂ ಸೈಕಲ್ ಟೈರು ಓಡಿಸುತ್ತಿದ್ದರು. ಮುಂಬಯಿಯ ಝೋಪಡಿಗಳಲ್ಲಿ ತಾಡಪಾಲು ಗಾಳಿಗೆ ಹಾರದಂತೆ ಮಾಡಿನ ಮೇಲೆ ಟೈರು ಹೇರಿದ್ದನ್ನು ನಾವೆಲ್ಲ ಲೋಕಲ್ ಗಾಡಿಯ ಕಿಟಕಿಯಿಂದ ನೋಡುತ್ತಲೇ ಬಂದಿದ್ದೇವೆ. ಗುಜರಿಗೆ ಈ ನಗರದಲ್ಲಿ ಭಂಗಾರ್ ಎನ್ನುತ್ತಾರೆ. ಹೊಸದಾಗಿ ಬಂದ ಕನ್ನಡಿಗನ ಕಿವಿಗೆ ಅದು ಬಂಗಾರ ಎಂದೇ ಕೇಳಿಸುತ್ತದೆ. ಆ ಕೇಳ್ಮೆ ಪೂರ್ತಿ ತಪ್ಪೂ ಅಲ್ಲ. ಒಬ್ಬನಿಗೆ ಕಸವಾದದ್ದು ಇನ್ನೊಬ್ಬನಿಗೆ ಅನ್ನವಾಗುವ ವ್ಯವಸ್ಥೆ ನಮ್ಮಲ್ಲಿ ಮೊದಲಿನಿಂದಲೂ ಇತ್ತು. ಆದರೆ ಆ ವ್ಯವಸ್ಥೆ ಕೆಲವು ಲಾರಿ, ಕೆಲವು ಬಸ್ಸುಗಳ ಕಾಲದ್ದು. ಮನೆಗೊಂದು ದ್ವಿಚಕ್ರ ವಾಹನ, ಕಟ್ಟಡದ ಅಂಗಳ ತುಂಬ ಕಾರುಗಳು ನಿಂತಿರುವ ಈ ಕಾಲದ ಟೈರುಗಳನ್ನೆಲ್ಲ ಚಪ್ಪಲಿ ಮಾಡಿ ಮುಗಿಸಲು ಸಾಧ್ಯವಿಲ್ಲ.

ಟೈರು ಇತರ ಗುಜರಿಯಂತಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಕಬ್ಬಿಣವನ್ನು ಕರಗಿಸಿ ಮತ್ತೆ ಕಬ್ಬಿಣ ಮಾಡಬಹುದು, ಗಾಜನ್ನು ಕರಗಿಸಿ ಗಾಜು ಮಾಡಬಹುದು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ವಿಧಾನವನ್ನು ಕಂಡುಹಿಡಿದ. ಆ ವಿಧಾನದಲ್ಲಿ ಗಂಧಕವು ರಬ್ಬರಿನ ಎಳೆಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಬಿಸಿಲಿಗೆ ಅಂಟಾಗದ, ಚಳಿಗೆ ಒಡೆಯದ ಗಟ್ಟಿತನ ಟೈರಿಗೆ ಬಂದದ್ದು ಹೀಗೆ. ಬೆಸೆದ ಎಳೆ ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಹಳೆಯ ಟೈರನ್ನು ಕರಗಿಸಿ ಹೊಸ ಟೈರಾಗಿ ಅಚ್ಚು ಹಾಕಲಾಗುವುದಿಲ್ಲ. ರಸ್ತೆಯ ಮೇಲೆ ನಮ್ಮನ್ನು ಕಾಯುವ ಗುಣವೇ ರಸ್ತೆ ಮುಗಿದ ಮೇಲೆ ನಮಗೆ ಹೊರೆಯಾಗುತ್ತದೆ. ಹೊಸ ಪಟ್ಟಿ ಕೂರಿಸಿ ರಿಸೋಲ್ ಮಾಡುವುದು, ಅರೆದು ಪುಡಿಮಾಡಿ ಡಾಂಬರಿಗೆ ಬೆರೆಸುವುದು, ರಾಸಾಯನಿಕ ಸಂಸ್ಕಾರದಿಂದ ಕೆಳದರ್ಜೆಯ ರಬ್ಬರಾಗಿ ಮರಳಿ ಪಡೆಯುವುದು, ಸಿಮೆಂಟ್ ಗೂಡುಗಳಲ್ಲಿ ಉರುವಲಾಗಿಸುವುದು, ಇಲ್ಲವೇ ಗಾಳಿಯಿಲ್ಲದ ಉರುಳೆಯಲ್ಲಿ ಕಾಯಿಸಿ ಎಣ್ಣೆ ತೆಗೆಯುವುದು. ಮುಖ್ಯವಾದ ದಾರಿಗಳು ಇವೇ. ಕಡೆಯದಕ್ಕೆ ಪೈರಾಲಿಸಿಸ್ ಎನ್ನುತ್ತಾರೆ. ಎಣ್ಣೆ, ಇಂಗಾಲದ ಪುಡಿ, ಉಕ್ಕಿನ ತಂತಿ, ಅನಿಲ ಇವು ಅದರ ಫಲ. ಅಲ್ಪ ಬಂಡವಾಳದಿಂದ ತಕ್ಷಣ ಹಣ ತರುವ ದಾರಿಯೂ ಅದೇ.

ಈ ದಾರಿಗಳಿಗೆ ಮುನ್ನ ಶೇಖರಣೆಯ ಪ್ರಶ್ನೆ ಬರುತ್ತದೆ. ಟೈರಿನ ಹೊಟ್ಟೆ ಟೊಳ್ಳು. ಯಾವ ಭಂಗಿಯಲ್ಲಿ ಬಿದ್ದರೂ ಮಳೆನೀರು ಅದರೊಳಗೆ ನಿಲ್ಲುತ್ತದೆ. ಕಪ್ಪು ಬಣ್ಣದಿಂದಾಗಿ ನೀರು ಬೆಚ್ಚಗಿರುತ್ತದೆ. ಈಡಿಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಬೇಕಿಲ್ಲ. ಅದರ ಮೊಟ್ಟೆ ಒಣಗಿದ ಟೈರಿನ ಒಳಮೈಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಬಲ್ಲದು. 1985ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಸುತ್ತ ಏಷ್ಯಾದ ಹುಲಿಸೊಳ್ಳೆ ನೆಲೆನಿಂತದ್ದು ಪತ್ತೆಯಾಯಿತು. ಹಡಗಿನಲ್ಲಿ ಬಂದ ಹಳೆಯ ಟೈರುಗಳೇ ಅದನ್ನು ಹೊತ್ತು ತಂದವೆಂದು ವಿಜ್ಞಾನಿಗಳು ತೀರ್ಮಾನಿಸಿದರು. ಮುಂಬಯಿ ಮಹಾನಗರಪಾಲಿಕೆಯ ಕೀಟನಾಶಕ ವಿಭಾಗದವರು ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಗಲ್ಲಿಗಲ್ಲಿ ತಿರುಗಿ ಟೈರು ಹೊರುವುದು ಈ ಕಾರಣಕ್ಕೇ. ನಗರದ ಇತರ ತಪಾಸಣೆಗಳ ನಡುವೆ ವಸ್ತುವನ್ನು ಕೈಯಲ್ಲಿ ಮುಟ್ಟುವ, ಎಣಿಸುವ, ಎತ್ತಿ ಒಯ್ಯುವ ತಪಾಸಣೆ ಇದು. ಅದಕ್ಕೆ ನಾವು ಕೊಡುವ ಗೌರವ ಮಾತ್ರ ಅತ್ಯಲ್ಪ.

ಎರಡನೆಯದು ಬೆಂಕಿ. ರಾಶಿಬಿದ್ದ ಟೈರಿಗೆ ಬೆಂಕಿ ತಗುಲಿದರೆ ನೀರು ಹೊಯ್ದು ಆರಿಸುವುದು ಅತಿ ಕಷ್ಟ. ಪ್ರತಿಯೊಂದು ಟೈರಿನ ಹೊಟ್ಟೆಯಲ್ಲೂ ಗಾಳಿಯಿರುತ್ತದೆ. ಕರಗಿ ಒಸರುವ ಎಣ್ಣೆ ನೆಲಕ್ಕೆ ಇಳಿಯುತ್ತದೆ. ಕೆನಡಾದ ಒಂಟಾರಿಯೋ ಪ್ರಾಂತದ ಹೇಗರ್ಸ್‌ವಿಲ್‌ನಲ್ಲಿ 1990ರ ಫೆಬ್ರವರಿ 12ರಂದು ಹೊತ್ತಿದ ಬೆಂಕಿ 17 ದಿನ ಉರಿಯಿತು. ಅಲ್ಲಿದ್ದವು ಸುಮಾರು 1 ಕೋಟಿ 40 ಲಕ್ಷ ಟೈರುಗಳು. ಸುಮಾರು 4,000 ಜನ ಮನೆ ಬಿಟ್ಟು ಹೋಗಬೇಕಾಯಿತು. ಈ ಘಟನೆಯಲ್ಲಿ ನಾವು ಗಮನಿಸಬೇಕಾದದ್ದು ಬೆಂಕಿಗಿಂತ ಮುಂಚಿನ ಕಥೆ. ಆ ರಾಶಿಯ ಅಪಾಯ ಸರ್ಕಾರಕ್ಕೆ ತಿಳಿಯದ್ದೇನಲ್ಲ. ಸುರಕ್ಷತಾ ಕ್ರಮ ಕೈಗೊಳ್ಳುವಂತೆ ಪರಿಸರ ಇಲಾಖೆಯ ಆದೇಶ ಮೊದಲೇ ಹೊರಟಿತ್ತು, ಅದರ ಮೇಲೆ ಮೇಲ್ಮನವಿಯೂ ನಡೆದಿತ್ತು. ಕಾಗದ ಮೇಜಿನಿಂದ ಮೇಜಿಗೆ ಹೋಗುತ್ತಿದ್ದಾಗ ಟೈರು ಇದ್ದಲ್ಲೇ ಇತ್ತು. ಶ್ರೀಮಂತ ದೇಶದ ಆಡಳಿತಕ್ಕೂ ಈ ರೋಗ ಉಂಟು.

ನಮ್ಮ ದೇಶದ ಲೆಕ್ಕಕ್ಕೆ ಬರೋಣ. ನಾಂದೇಡದಿಂದ ಬಂದ ಅರ್ಜಿಯೊಂದರ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪುಣೆ ಪೀಠವು 2014ರ ಸೆಪ್ಟೆಂಬರಿನಲ್ಲಿ ಬಯಲಿನಲ್ಲಿ ಟೈರು ಸುಡುವುದರ ವಿರುದ್ಧ ತೀರ್ಪು ನೀಡಿತು. 2019ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಅದೇ ನ್ಯಾಯಮಂಡಳಿಗೆ ಒಪ್ಪಿಸಿದ ವರದಿಯ ಪ್ರಕಾರ 19 ರಾಜ್ಯಗಳಲ್ಲಿ 637 ಪೈರಾಲಿಸಿಸ್ ಘಟಕಗಳಿದ್ದವು. ಅವುಗಳಲ್ಲಿ ನಿಯಮ ಪಾಲಿಸುತ್ತಿದ್ದವು 251, ಪಾಲಿಸದವು 270, ಮುಚ್ಚಿದ್ದವು 116. ಅಂದರೆ ನಡೆಯುತ್ತಿದ್ದ ಘಟಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿಯಮದ ಹೊರಗೆ ನಡೆಯುತ್ತಿದ್ದವು; ಅದೂ ಮಂಡಳಿಯ ಕಣ್ಣಿಗೆ ಬಿದ್ದವುಗಳ ಲೆಕ್ಕ. 2022ರ ಜುಲೈ 21ರಂದು ಅಪಾಯಕಾರಿ ತ್ಯಾಜ್ಯಗಳ ನಿಯಮಗಳಿಗೆ ತಿದ್ದುಪಡಿ ತಂದು ಟೈರು ತಯಾರಿಸುವವರ, ಆಮದು ಮಾಡುವವರ ಮೇಲೆಯೇ ವಿಲೇವಾರಿಯ ಹೊಣೆ ಹೊರಿಸಲಾಯಿತು. ಮೊದಲ ವರ್ಷ ಶೇಕಡಾ 35, ಎರಡನೆಯ ವರ್ಷ 70, 2024-25ರ ಹೊತ್ತಿಗೆ ಶೇಕಡಾ 100. ಪೈರಾಲಿಸಿಸ್ ಎಣ್ಣೆಗಾಗಿ ಹಳೆಯ ಟೈರು ಆಮದು ಮಾಡುವುದನ್ನು ನಿಷೇಧಿಸಲಾಯಿತು. ಓದಲು ಬಹಳ ಒಳ್ಳೆಯ ನಿಯಮಗಳು. ತಯಾರಕನು ಪರಿಷ್ಕರಣಕಾರನಿಂದ ಪ್ರಮಾಣಪತ್ರ ಕೊಳ್ಳುತ್ತಾನೆ. ಇಷ್ಟು ಟನ್ ಟೈರು ಸದ್ಗತಿ ಕಂಡಿತೆಂದು ಆ ಪತ್ರ ಸಾರುತ್ತದೆ.

ಪತ್ರವೇ ಪ್ರಮಾಣವಾದಾಗ ಏನಾಗುತ್ತದೆಂಬುದಕ್ಕೆ ಪ್ಲಾಸ್ಟಿಕ್ಕಿನ ಉದಾಹರಣೆ ನಮ್ಮ ಮುಂದಿದೆ. ಇದೇ ಬಗೆಯ ವ್ಯವಸ್ಥೆಯಲ್ಲಿ ಆರು ಲಕ್ಷಕ್ಕೂ ಮೀರಿದ ಸುಳ್ಳು ಪ್ರಮಾಣಪತ್ರಗಳು ಹುಟ್ಟಿದ್ದನ್ನು ಕೇಂದ್ರ ಮಂಡಳಿಯೇ 2023ರಲ್ಲಿ ಪತ್ತೆಹಚ್ಚಿತು. ಅವನ್ನು ಹುಟ್ಟಿಸಿದ ಘಟಕಗಳು ಗುಜರಾತ್, ಮಹಾರಾಷ್ಟ್ರ ಮತ್ತು ನಮ್ಮ ಕರ್ನಾಟಕದಲ್ಲಿದ್ದವು. ಇಲ್ಲದ ಪ್ಲಾಸ್ಟಿಕ್ಕು ಕಾಗದದ ಮೇಲೆ ಕರಗಿಹೋಗಿತ್ತು. ಟೈರಿನ ವಿಷಯದಲ್ಲಿ ಹಾಗಾಗದೆಂದು ನಂಬಲು ನನಗೆ ಯಾವ ಆಧಾರವೂ ಕಾಣುವುದಿಲ್ಲ.

ಇದು ಪುಸ್ತಕ ಓದಿ ಆಡುವ ಮಾತಲ್ಲ. ಮುಂಬಯಿಯ ಹೊರವಲಯದ ಒಂದು ಟೈರ್ ರಿಸೋಲ್ ಕಾರ್ಖಾನೆಯಲ್ಲಿ ಎರಡು ದಶಕಕ್ಕೂ ಮೀರಿ ಲೆಕ್ಕಪತ್ರ ನೋಡಿಕೊಂಡವನು ನಾನು. ತಪಾಸಣೆಗೆ ಬಂದವರ ಮುಂದೆ ಕಡತ ಹಿಡಿದು ನಿಂತದ್ದು ಎಷ್ಟು ಸಲವೋ. ಸಮ್ಮತಿಪತ್ರದ ಅವಧಿ ಮುಗಿದಿಲ್ಲವಷ್ಟೆ? ವಾರ್ಷಿಕ ಪತ್ರಕ ಸಲ್ಲಿಸಿದ್ದೀರಾ? ಶುಲ್ಕದ ರಸೀದಿ ಎಲ್ಲಿ? ಇಷ್ಟು ಕೇಳಿ, ಚಿಮಣಿಯ ಕಡೆ ಒಮ್ಮೆ ಕಣ್ಣು ಹಾಯಿಸಿ ಅವರು ಹೊರಡುತ್ತಿದ್ದರು. ಹಿಂಬದಿಯ ಅಂಗಳದಲ್ಲಿ ಆಳೆತ್ತರಕ್ಕೆ ಪೇರಿಸಿದ ಕೇಸಿಂಗುಗಳಿದ್ದವು. ಆ ಬಾಗಿಲಿನವರೆಗೆ ನಡೆದುಬಂದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ನಾನು ಬರೆಯುತ್ತಿದ್ದ ಅಂಕಿಗಳು ಸರಿಯಾದವೇ. ಆದರೆ ಸರಿಯಾಗಿವೆಯೋ ಇಲ್ಲವೋ ಎಂದು ಅಂಗಳದ ರಾಶಿಯೊಡನೆ ಹೋಲಿಸಿ ನೋಡಿದವರು ಒಬ್ಬರೂ ಇಲ್ಲ. ಇನ್ನೂ ಮುಖ್ಯವಾದ ಮಾತೊಂದಿದೆ. ರಿಸೋಲಿಗೆ ಒದಗದ ಟೈರುಗಳನ್ನು ಮಾಲೀಕರು ಭಂಗಾರದವನಿಗೆ ಕೊಡುತ್ತಿದ್ದರು. ಬಂದದ್ದೆಷ್ಟು, ಹೋದದ್ದೆಷ್ಟು ಎಂಬ ಕಲಮುಗಳು ನಮ್ಮ ಪುಸ್ತಕದಲ್ಲಿದ್ದವು. ಎಲ್ಲಿಗೆ ಹೋಯಿತು ಎಂಬ ಕಲಮೇ ಇರಲಿಲ್ಲ. ಯಾರೂ ಅದನ್ನು ಕೇಳಲೂ ಇಲ್ಲ.

ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಮುಂಬಯಿಯ ಮಟ್ಟಿಗೆ ಉತ್ತರಗಳಲ್ಲಿ ಒಂದು, ವಾಡಾ. 2014ರಲ್ಲಿ ಠಾಣೆಯಿಂದ ಬೇರ್ಪಟ್ಟ ಪಾಲ್ಘರ್ ಜಿಲ್ಲೆಯ ತಾಲ್ಲೂಕು ಇದು. ವಾರಲಿ ಮೊದಲಾದ ಆದಿವಾಸಿಗಳ ನೆಲ. ವೈತರಣಾ ನದಿ ಹರಿಯುವ ನೆಲ. 2021ರಲ್ಲಿ ಭೌಗೋಳಿಕ ಗುರುತು ಪಡೆದ ವಾಡಾ ಕೋಲಮ್ ಅಕ್ಕಿ ಬೆಳೆಯುವುದು ಇಲ್ಲಿಯೇ. ನಮ್ಮಲ್ಲಿ ಹಲವರ ಮನೆಯ ಅನ್ನ ಅದು. ಆ ಗದ್ದೆಗಳ ನಡುವೆ ಟೈರು ಕಾಯಿಸಿ ಎಣ್ಣೆ ತೆಗೆಯುವ ಘಟಕಗಳು ಒಂದೊಂದಾಗಿ ಎದ್ದವು. 2025ರ ಜನವರಿಯಲ್ಲಿ ಅಂಥದೊಂದು ಘಟಕದಲ್ಲಿ ಸ್ಫೋಟ ಸಂಭವಿಸಿ ನಾಲ್ವರು ಸತ್ತರು. ಅವರಲ್ಲಿ ಇಬ್ಬರು ಮಕ್ಕಳು. ಆ ಬಳಿಕ ಅಲ್ಲಿನ ಹಲವು ಘಟಕಗಳಿಗೆ ಬೀಗ ಬಿತ್ತು.

ಈ ಸಾವುಗಳ ಮುಂದೆ ನಿಂತು ನಾನು ಎರಡು ಪ್ರಶ್ನೆ ಕೇಳಬಯಸುತ್ತೇನೆ. ಸ್ಫೋಟದ ನಂತರ ಬೀಗ ಹಾಕಲು ಸಾಧ್ಯವಾಯಿತೆಂದರೆ ದೋಷಗಳು ಅಲ್ಲಿ ಮೊದಲೇ ಇದ್ದುವೆಂದಾಯಿತು. ಮೊದಲೇ ಇದ್ದ ದೋಷ ಸಾವಿಗೆ ಮುಂಚಿನ ತಪಾಸಣೆಗಳಿಗೆ ಕಾಣದಿದ್ದುದೇಕೆ? ಕುದಿಯುವ ಉರುಳೆಯ ಸಮೀಪ ಮಕ್ಕಳು ಏಕಿದ್ದರು? ಎರಡನೆಯ ಪ್ರಶ್ನೆಗೆ ಉತ್ತರ ಊಹಿಸುವುದು ಕಷ್ಟವಲ್ಲ. ಇಂಥ ಕೆಲಸಕ್ಕೆ ದೂರದಿಂದ ಬರುವ ಕೂಲಿಕಾರರಿಗೆ ಬೇರೆ ಮನೆಯಿರುವುದಿಲ್ಲ. ಆವರಣದ ಮೂಲೆಯ ತಗಡಿನ ಕೋಣೆಯೇ ಮನೆ. ಯಾವ ಸಮ್ಮತಿಪತ್ರದಲ್ಲೂ ಆ ತಗಡಿನ ಕೋಣೆಗೆ ಜಾಗವಿಲ್ಲ. ಹೊಟ್ಟೆಪಾಡಿಗಾಗಿ ಊರುಬಿಟ್ಟು ಬಂದು, ಹೊಟೇಲಿನ ಬೆಂಚಿನ ಮೇಲೆಯೇ ಮಲಗಿ, ರಾತ್ರಿಶಾಲೆಯಲ್ಲಿ ಓದಿದವರ ಪರಂಪರೆಯಿಂದ ಬಂದ ಮುಂಬಯಿ ಕನ್ನಡಿಗರಿಗೆ, ದುಡಿಯುವಲ್ಲೇ ಮಲಗುವ ಬದುಕನ್ನು ಯಾರೂ ವಿವರಿಸಿ ಹೇಳಬೇಕಿಲ್ಲ.

ವ್ಯಾಪಾರಿಗಳ ಪಕ್ಷವನ್ನೂ ಕೇಳಬೇಕು. ಇನ್‌ಸ್ಪೆಕ್ಟರ್ ರಾಜ್ಯವೆಂದು ಅವರು ಗೊಣಗುವುದರಲ್ಲಿ ನಿಜವಿಲ್ಲದಿಲ್ಲ. ಒಂದೇ ಟೈರಿನ ರಾಶಿಗೆ ಮಾಲಿನ್ಯ ಮಂಡಳಿಯವರು ಹೊಗೆಗಾಗಿ ಬರುತ್ತಾರೆ, ಪಾಲಿಕೆಯವರು ಸೊಳ್ಳೆಗಾಗಿ ಬರುತ್ತಾರೆ, ಅಗ್ನಿಶಾಮಕದವರು ಬೆಂಕಿಗಾಗಿ, ಕಾರ್ಖಾನೆ ನಿರೀಕ್ಷಕರು ಕೂಲಿಕಾರರ ಸುರಕ್ಷತೆಗಾಗಿ. ನಾಲ್ವರ ನಾಲ್ಕು ನಮೂನೆ, ನಾಲ್ಕು ವರದಿ; ಒಬ್ಬರ ವರದಿ ಇನ್ನೊಬ್ಬರಿಗೆ ತಿಳಿಯದು. ಪ್ರಾಮಾಣಿಕನಾದವನು ನಾಲ್ಕು ಬಾಗಿಲು ಅಲೆದು ಸೋಲುತ್ತಾನೆ, ಅಪ್ರಾಮಾಣಿಕನು ನಾಲ್ಕರ ನಡುವಿನ ಸಂದಿಯಲ್ಲಿ ನುಸುಳುತ್ತಾನೆ. ಪಂಕ್ಚರ್ ಅಂಗಡಿಯ ಬಡಪಾಯಿಗೆ ಹತ್ತು ಟೈರಿಗಾಗಿ ನೋಟೀಸು ಹೋಗುತ್ತದೆ. ಅವನು ಅವನ್ನು ಎಲ್ಲಿ ಒಪ್ಪಿಸಬೇಕೆಂಬ ವಿಳಾಸ ಆ ನೋಟೀಸಿನಲ್ಲಿ ಇರುವುದಿಲ್ಲ.

ಆದರೆ ಈ ನ್ಯಾಯವಾದ ದೂರಿಗೆ ಆಳುವವರು ಕಂಡುಕೊಂಡ ಪರಿಹಾರ ಬೇರೆ. ಜನ ವಿಶ್ವಾಸ ಕಾಯ್ದೆಯೆಂಬ ಚೆಂದದ ಹೆಸರಿನಲ್ಲಿ 2023ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆಯ ಶಿಕ್ಷೆಗಳನ್ನು ಬದಲಾಯಿಸಿದರು. 1986ರ ಆ ಕಾಯ್ದೆಯಲ್ಲಿ ಉಲ್ಲಂಘನೆಗೆ ಐದು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿತ್ತು. 2024ರ ಏಪ್ರಿಲಿನಿಂದ ಅದರ ಜಾಗದಲ್ಲಿ 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡ ಬಂದಿದೆ. ಟೈರಿನ ನಿಯಮಗಳೂ ಇದೇ ಕಾಯ್ದೆಯ ಮಕ್ಕಳು. ಸೆರೆಮನೆಯ ಹೆದರಿಕೆ ಆಗ ಎಷ್ಟು ನಿಜವಾಗಿತ್ತೆಂಬುದು ಚರ್ಚೆಯ ವಿಷಯವೇ ಸರಿ. ಆದರೆ ದಂಡವನ್ನು ವ್ಯಾಪಾರಿ ಖರ್ಚಿನ ಪುಸ್ತಕದಲ್ಲಿ ಬರೆಯುತ್ತಾನೆ. ಇದನ್ನು ಲೆಕ್ಕಿಗನಾದ ನಾನು ಖಚಿತವಾಗಿ ಹೇಳಬಲ್ಲೆ. ಶಿಕ್ಷೆ ಹಗುರವಾದಾಗ ತಪಾಸಣೆ ಬಿಗಿಯಾಗಬೇಕಾದುದು ನ್ಯಾಯ. ನಮ್ಮಲ್ಲಿ ಎರಡೂ ಒಟ್ಟಿಗೆ ಸಡಿಲವಾಗುವ ಲಕ್ಷಣ ಕಾಣುತ್ತಿದೆ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ತಪಾಸಣೆಯೆಂದರೆ ಎಣಿಕೆ ಎಂದಾಗಬೇಕು. ಬಂದ ಟೈರಿನ ತೂಕ, ಅಂಗಳದಲ್ಲಿರುವ ತೂಕ, ಹೋದ ತೂಕ, ಹೋದ ವಿಳಾಸ. ಈ ನಾಲ್ಕು ಹೊಂದದಿದ್ದರೆ ಮಿಕ್ಕ ಯಾವ ಕಾಗದವೂ ಬೇಡ. ವೇ ಬ್ರಿಜ್ಜಿನ ಚೀಟಿ, ವಿದ್ಯುತ್ ಬಿಲ್ಲು, ಮಾರಿದ ಎಣ್ಣೆಯ ಲೆಕ್ಕ ಇವನ್ನು ಪಕ್ಕಪಕ್ಕದಲ್ಲಿಟ್ಟರೆ ಸುಳ್ಳು ತಾನಾಗಿಯೇ ಬಯಲಾಗುತ್ತದೆ. ಎರಡನೆಯದಾಗಿ, ತಪಾಸಣೆಗೆ ಋತುವಿನ ಪ್ರಜ್ಞೆ ಬೇಕು. ನೀರು ನಿಲ್ಲುವ ರಾಶಿಯನ್ನು ಮೇ ತಿಂಗಳಲ್ಲಿ ನೋಡಬೇಕು, ಬೆಂಕಿ ಹಿಡಿಯುವ ರಾಶಿಯನ್ನು ಮಳೆ ಮುಗಿದ ಮೇಲೆ, ಹೊಗೆಯನ್ನು ರಾತ್ರಿಯಲ್ಲಿ. ಮೂರನೆಯದಾಗಿ, ನಾಲ್ಕು ಇಲಾಖೆಗಳು ಒಟ್ಟಿಗೆ ಬಂದು ಒಂದೇ ವರದಿ ಬರೆಯಬೇಕು. ಆ ವರದಿಯನ್ನು ಕಾರ್ಖಾನೆಯ ಗೇಟಿಗೂ ಗ್ರಾಮ ಪಂಚಾಯತಿಯ ಫಲಕಕ್ಕೂ ನೆಲದ ಭಾಷೆಯಲ್ಲಿ ಅಂಟಿಸಬೇಕು. ವಾಡಾದಲ್ಲಿ ಮರಾಠಿ, ಕರ್ನಾಟಕದಲ್ಲಿ ಕನ್ನಡ. ಹೊಗೆ ಕುಡಿಯುವವನಿಗೆ ಅರ್ಥವಾಗದ ಇಂಗ್ಲಿಷಿನಲ್ಲಿ ಬರೆದ ವರದಿ ಅಧಿಕಾರಿಯನ್ನು ಮಾತ್ರ ರಕ್ಷಿಸುತ್ತದೆ. ಭಾಷೆಯ ಹಕ್ಕಿಗಾಗಿ ಹೋರಾಡುವ ನಾವು ಅದನ್ನು ನಾಮಫಲಕಕ್ಕೆ, ಶಾಲೆಗೆ ಸೀಮಿತಗೊಳಿಸಿದ್ದೇವೆ. ಈ ಬಗೆಯ ಕಾಗದಗಳಿಗೂ ಅದು ವಿಸ್ತರಿಸಬೇಕು. ನಾಲ್ಕನೆಯದಾಗಿ, ಪ್ರತಿ ವಾರ್ಡಿನಲ್ಲೂ ಸಣ್ಣ ಅಂಗಡಿಯವರು ಟೈರು ಒಪ್ಪಿಸಲು ಮಾಡು ಹೊದೆಸಿದ ಒಂದು ಜಾಗ ಬೇಕು, ಅದರ ವೆಚ್ಚವನ್ನು ಟೈರು ತಯಾರಕರು ಕೊಡಬೇಕು. ಐದನೆಯದಾಗಿ, ಆವರಣದೊಳಗೆ ಸಂಸಾರಗಳು ವಾಸಿಸುತ್ತಿದ್ದರೆ ಆ ದಿನವೇ ಕೆಲಸ ನಿಲ್ಲಬೇಕು. ಸಂಸಾರಗಳಿಗೆ ಬೇರೆ ನೆಲೆ ಕೊಟ್ಟ ಮೇಲೆಯೇ ಮತ್ತೆ ಒಲೆ ಹೊತ್ತಬೇಕು.

ಅಧಿಕಾರಿಗಳೇ ಸಾಕಷ್ಟಿಲ್ಲ, ಇಷ್ಟೆಲ್ಲ ಯಾರು ನೋಡುವುದು ಎಂಬ ಆಕ್ಷೇಪ ಬರುತ್ತದೆ. ಮಾಲಿನ್ಯ ಮಂಡಳಿಗಳಲ್ಲಿ ಹುದ್ದೆಗಳು ಖಾಲಿ ಬಿದ್ದಿರುವುದು ನಿಜ. ನ್ಯಾಯಾಲಯಗಳೇ ಅದನ್ನು ಹಲವು ಬಾರಿ ಎತ್ತಿ ಆಡಿವೆ. ಹುದ್ದೆ ತುಂಬಲೇಬೇಕು. ಆದರೆ ಗೇಟಿನ ಮೇಲೆ ಅಂಟಿಸಿದ ವರದಿಯನ್ನು ಓದುವ ಊರವರೆಲ್ಲ ಸಂಬಳವಿಲ್ಲದ ನಿರೀಕ್ಷಕರೇ. ಅಂಗಳದಲ್ಲಿ ನೂರು ಟನ್ ಎಂದು ಬರೆದಿದ್ದರೆ, ಗುಡ್ಡೆ ದಿನೇ ದಿನೇ ಬೆಳೆಯುವುದನ್ನು ಬೇಲಿಯಾಚೆಯಿಂದ ನೋಡುವ ರೈತನಿಗೆ ಸಂದೇಹ ಬಾರದಿರುತ್ತದೆಯೇ? ಕಾನೂನು ಪಂಡಿತರ ಕೈಯಲ್ಲೇ ಉಳಿಯಬೇಕೆಂಬ ಹಟ ಬಿಟ್ಟರೆ ಜನರ ಕಣ್ಣು ಬಹಳ ಕೆಲಸ ಮಾಡುತ್ತದೆ.

ಪೈರಾಲಿಸಿಸನ್ನೇ ಪೂರ್ತಿ ನಿಷೇಧಿಸಬೇಕೆನ್ನುವ ಮಿತ್ರರೂ ಇದ್ದಾರೆ. ಅವರ ಕಳವಳ ಅರ್ಥವಾಗುವಂಥದು. ಆದರೂ ನಾನು ಆ ಮಾತಿಗೆ ಒಪ್ಪಲಾರೆ. ನಿಷೇಧಿಸಿದೊಡನೆ ಟೈರು ಮಾಯವಾಗುವುದಿಲ್ಲ. ಇಟ್ಟಿಗೆ ಗೂಡಿಗೋ ನದಿಯ ದಂಡೆಗೋ ಹೋಗುತ್ತದೆ. ರಿಸೋಲ್ ಮೊದಲು, ಪುಡಿ ಆಮೇಲೆ, ಎಣ್ಣೆ ಕಟ್ಟಕಡೆಗೆ ಎಂಬ ಕ್ರಮವನ್ನು ಸರ್ಕಾರ ಬೆಲೆಯ ಮೂಲಕ ಜಾರಿಗೆ ತರಲಿ. ಕಟ್ಟಕಡೆಯದನ್ನು ಮಾಡುವವನ ಬಾಗಿಲಲ್ಲಿ ಎಲ್ಲರಿಗಿಂತ ಹೆಚ್ಚಿನ ಕಾವಲಿರಲಿ.

ಇನ್ನು ನಮ್ಮ ಪಾಲಿನ ಮಾತು. ನಮ್ಮ ಸಂಘಗಳ ಸದಸ್ಯರಲ್ಲಿ ಸಾರಿಗೆ ಉದ್ಯಮದವರಿದ್ದಾರೆ, ಗ್ಯಾರೇಜು ನಡೆಸುವವರಿದ್ದಾರೆ, ಹೊಟೇಲಿಗರು, ಲೆಕ್ಕ ಪರಿಶೋಧಕರು, ಹೌಸಿಂಗ್ ಸೊಸೈಟಿಗಳ ಕಾರ್ಯದರ್ಶಿಗಳಿದ್ದಾರೆ. ರಾಜ್ಯೋತ್ಸವಕ್ಕೆ ದೇಣಿಗೆ ಕೇಳಲು ಅವರ ಬಳಿ ಹೋಗುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳೋಣ: ನಿಮ್ಮ ಹಳೆಯ ಟೈರು ಎಲ್ಲಿಗೆ ಹೋಗುತ್ತದೆ ಸ್ವಾಮೀ? ಟೈರು ಬದಲಾಯಿಸಿದ ದಿನ ಅಂಗಡಿಯಲ್ಲೇ ಬಿಟ್ಟುಬಂದ ಹಳೆಯದರ ಬಗ್ಗೆ ನಾವೂ ಕೇಳೋಣ. ಉತ್ತರ ತಕ್ಷಣ ಸಿಗದಿರಬಹುದು. ಹತ್ತು ಜನ ಗಿರಾಕಿಗಳು ಕೇಳಿದರೆ ಅಂಗಡಿಯವನು ಭಂಗಾರದವನನ್ನು ಕೇಳುತ್ತಾನೆ, ಭಂಗಾರದವನು ಮುಂದಿನವನನ್ನು. ಸರ್ಕಾರದ ಪುಸ್ತಕದಲ್ಲಿ ಇಲ್ಲದ ಆ ಕಲಮನ್ನು ಬರೆಯುವ ಕೆಲಸ ಅಲ್ಲಿಂದಲೂ ಆರಂಭವಾಗಬಹುದು.